ಝೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಸಿದ ಚೀಟಿಗಳು

ಮೊನ್ನೆ ಯಾವುದೋ ಕಾಗದಕ್ಕೆ ಪ್ರತಿ ಮಾಡಿಸಲು ಭದ್ರಾವತಿಯಲ್ಲಿ ಕೋರ್ಟಿನ ಎದುರಿರುವ ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಮಿಷನ್ನಿನಿಂದ ಹಾಳೆ ಹೊರಗೆ ಬರುವಾಗ ಒಂದು ಬಿಸಿ ವಾಸನೆ ಬರುತ್ತದಲ್ಲ, ಕಾಗದವೂ ಮಸಿಯೂ ಚೂರು ಸುಟ್ಟ ಹಾಗೆ, ಅದು ಮೂಗಿಗೆ ಬಡಿಯಿತು. ಪಕ್ಕದ ಗೋಡೆಯ ಮೇಲೆ ಒಣಗಿದ ಮೈದಾ ಅಂಟಿನ ಕಲೆಗಳು ಇನ್ನೂ ಹಾಗೇ ಇದ್ದವು. ಅವುಗಳಲ್ಲಿ ಅರ್ಧ ನನ್ನ ಕೈಯ ಕೆಲಸವೇ. ಒಂದು ಕಡೆ ಅಂಗೈ ಅಗಲದಷ್ಟು ಸುಣ್ಣವೇ ಎದ್ದುಹೋಗಿ ಒಳಗಿನ ಗಾರೆ ಕಾಣುತ್ತಿತ್ತು. ಅಂಗಡಿಯವನು "ಅಮ್ಮ, ನಿಮ್ಮ ಹಾಳೆ" ಅಂತ ಎರಡನೇ ಸಲ ಕರೆದಾಗಲೇ ನನಗೆ ಎಚ್ಚರವಾದದ್ದು. ಆ ಸುಣ್ಣ ಎದ್ದ ಜಾಗವನ್ನು ನೋಡುತ್ತ ನಾನು ಎರಡು ವರ್ಷದ ಹಿಂದಿನ ಬೇಸಿಗೆಗೆ ಹೋಗಿಬಿಟ್ಟಿದ್ದೆ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದವಳು. ಕಂಪ್ಯೂಟರ್ ಬಂದ ಮೇಲೂ ಹಟ ಹಿಡಿದು ನಡೆಸಿದೆ. ಕೊನೆಗೆ ಕಲಿಯುವವರೇ ಇಲ್ಲದೆ ಬಾಗಿಲು ಹಾಕಿದೆ. ಗೋಪಾಳ ಬಡಾವಣೆಯ ಮನೆಯಲ್ಲಿ ಕೂತು ಸೀರಿಯಲ್ ನೋಡುವ ಜಾಯಮಾನ ನನ್ನದಲ್ಲ. ನಮ್ಮ ಇನ್‌ಸ್ಟಿಟ್ಯೂಟ್ ಇದ್ದ ಕಟ್ಟಡದ ಮಹಡಿಯಲ್ಲೇ ಗೋವಿಂದಪ್ಪ ಮೇಷ್ಟ್ರು ಅಂತ ನಿವೃತ್ತ ಹೈಸ್ಕೂಲು ಮುಖ್ಯೋಪಾಧ್ಯಾಯರು ಒಂದು ಸಣ್ಣ ಕಚೇರಿ ಇಟ್ಟುಕೊಂಡಿದ್ದರು. ವಕೀಲರನ್ನು ಹಿಡಿಯಲು ಕೈಲಾಗದವರಿಗೆ ಪುಕ್ಕಟೆಯಾಗಿ ವಕೀಲರನ್ನು ಹುಡುಕಿಕೊಡುವುದು ಅದರ ಕೆಲಸ. "ಸುಮಿತ್ರಾ, ನಿಮ್ಮ ಬೆರಳು ಸುಮ್ನೆ ಕೂತು ತುಕ್ಕು ಹಿಡಿಯೋದು ಬೇಡ, ಬನ್ನಿ" ಅಂದರು. ಹೋದೆ. ಎರಡು ಮೇಜು, ನನ್ನದೇ ಹಳೆಯ ಟೈಪ್‌ರೈಟರು, ಒಂದು ಕಂಪ್ಯೂಟರು. ನೆರವು ಬೇಕಾದವರು ದಿನಾ ಮೆಟ್ಟಿಲು ಹತ್ತಿ ಬರುತ್ತಿದ್ದರು. ನೆರವು ಕೊಡುವ ವಕೀಲರು ಮಾತ್ರ ಒಬ್ಬರೂ ಬರುತ್ತಿರಲಿಲ್ಲ.

ಬಾರದೆ ಇರುವುದಕ್ಕೆ ಕಾರಣ ನನಗೆ ಮೊದಲ ವಾರವೇ ಗೊತ್ತಾಯಿತು. ಮೇಷ್ಟ್ರು ಬರೆದು ಅಲ್ಲಲ್ಲಿ ಅಂಟಿಸಿದ್ದ ಪ್ರಕಟಣೆಯನ್ನು ಮತ್ತೆ ಟೈಪ್ ಮಾಡಲು ಕೊಟ್ಟರು. 'ನ್ಯಾಯದೇವತೆಯ ವರಪುತ್ರರಾದ ವಕೀಲ ಬಂಧುಗಳೇ, ದೀನರ ಕಂಬನಿ ಒರೆಸುವ ಪುಣ್ಯಕಾರ್ಯಕ್ಕೆ ಧಾವಿಸಿ ಬನ್ನಿ' ಅಂತ ಶುರುವಾಗಿ ಒಂದೂವರೆ ಪುಟ ಹೋಗಿತ್ತು. ಟೈಪ್ ಮಾಡುವುದರೊಳಗೆ ನನಗೇ ಆಕಳಿಕೆ ಬಂತು.

"ಮೇಷ್ಟ್ರೇ, ಈ ಭಾಷಣ ಓದಿ ಯಾರು ಬರ್ತಾರೆ?" ಅಂದೆ.

"ಒಳ್ಳೆಯವರು ಬರ್ತಾರೆ."

"ಒಳ್ಳೆಯವರಿಗೂ ಏನು ಕೆಲಸ, ಎಷ್ಟು ಹೊತ್ತು ಅಂತ ಗೊತ್ತಾಗ್ಬೇಕಲ್ಲ. ಅಡುಗೆಯವರನ್ನ ಕರೆಯುವಾಗ ಎಷ್ಟು ಎಲೆ ಅಂತ ಹೇಳಲ್ವಾ? ಬರೀ ಅನ್ನದಾನ ಮಹಾದಾನ ಅಂದ್ರೆ ಅವರು ಎಷ್ಟು ಅಕ್ಕಿ ನೆನೆಹಾಕ್ಬೇಕು?"

ಮೇಷ್ಟ್ರಿಗೆ ಬೇಜಾರಾಯಿತು, ನಿಜ. ಆದರೆ ಅವರು ಇನ್ನೊಬ್ಬರ ಮಾತನ್ನು ಕಿವಿಗೆ ಹಾಕಿಕೊಳ್ಳುವ ಮನುಷ್ಯ. "ಹಾಗಾದ್ರೆ ನೀವೇ ಬರೀರಿ" ಅಂದರು. ನಾನು ಹಳದಿ ಕಾಗದವನ್ನು ಅಂಗೈ ಅಗಲಕ್ಕೆ ಕತ್ತರಿಸಿದೆ. ಒಂದು ಚೀಟಿಗೆ ಒಂದೇ ಕೆಲಸ. ಮೊದಲನೆಯದು ಹೀಗಿತ್ತು: 'ಕೆಲಸ: ಒಂದು ಬಾಡಿಗೆ ಕರಾರು ಓದಿ, ಅದರಲ್ಲಿ ಏನಿದೆ ಅಂತ ಹೂ ಮಾರುವ ಒಬ್ಬ ಹೆಂಗಸಿಗೆ ತಿಳಿಸಿ ಹೇಳುವುದು. ಸಮಯ: ಮುಕ್ಕಾಲು ಗಂಟೆ. ಜಾಗ: ದುರ್ಗಿಗುಡಿ, ಮಹಡಿಯ ಮೇಲೆ. ಕೋರ್ಟಿಗೆ ಬರಬೇಕಿಲ್ಲ. ಟೀ ಇದೆ.' ಕೆಳಗೆ ನಮ್ಮ ವಿಳಾಸ, ಫೋನು. ಮೇಷ್ಟ್ರು ಓದಿ ಒಂದೇ ಒಂದು ಷರತ್ತು ಹಾಕಿದರು. ಯಾರ ಹೆಸರೂ ಇರಕೂಡದು, ಕೇಸಿನ ನಂಬರೂ ಇರಕೂಡದು. ಒಬ್ಬರ ಕಷ್ಟವನ್ನು ಊರಿನ ಗೋಡೆಯ ಮೇಲೆ ಹಾಕಬಾರದು ಅಂದರು. ನಾನು ತಲೆಯಾಡಿಸಿದೆ.

ಶಿವಮೊಗ್ಗದಲ್ಲಿ ನಾಲ್ಕು ಕಡೆ, ಭದ್ರಾವತಿಯಲ್ಲಿ ಈ ಝೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಸಿದೆ. ಎಂಥ ದೊಡ್ಡ ವಕೀಲನಾದರೂ ಪ್ರತಿ ಮಾಡಿಸಲು ಇಲ್ಲಿಗೆ ಬರಲೇಬೇಕು, ಮಿಷನ್ನು ಓಡುವಷ್ಟು ಹೊತ್ತು ಕೈಕಟ್ಟಿ ನಿಲ್ಲಲೇಬೇಕು. ನಿಂತವರು ಗೋಡೆ ಓದುತ್ತಾರೆ. ಚೀಟಿಯ ಫೋಟೋ ತೆಗೆದು ವಾಟ್ಸಾಪಿನ ಗುಂಪುಗಳಿಗೂ ಹಾಕಿದೆ. ಮೂರನೇ ದಿನ ಒಬ್ಬ ಹುಡುಗಿ ಸ್ಕೂಟರಿನ ಹೆಲ್ಮೆಟ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹೊಳೆಹೊನ್ನೂರಿನ ಅಶ್ವಿನಿ, ಭದ್ರಾವತಿಯಲ್ಲಿ ಒಬ್ಬ ಸೀನಿಯರ್ ವಕೀಲರ ಕೈಕೆಳಗೆ ಮೂರು ವರ್ಷದಿಂದ ಇದ್ದವಳು. ಕರಾರು ಓದಿ, ಹೂವಿನ ಹೆಂಗಸಿಗೆ ವಿವರಿಸಿ, ಟೀ ಕುಡಿಯುತ್ತ, "ಇಷ್ಟು ದಿನ ಸೀನಿಯರ್ ಫೈಲು ಹೊತ್ತಿದ್ದೇ ಆಯ್ತು ಅಕ್ಕ. ಶುರುವಿಂದ ಕೊನೆ ತನಕ ನಾನೊಬ್ಬಳೇ ಮಾಡಿ ಮುಗಿಸಿದ ಕೆಲಸ ಇದೇ ಮೊದಲು" ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಇನ್ನೊಂದು ಟೀ ತರಿಸಿದೆ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಮುಗಿದ ಕೆಲಸದ ಚೀಟಿಗೆ ಅಡ್ಡಲಾಗಿ ಕೆಂಪು ಗೆರೆ ಎಳೆದು ಡಬ್ಬಿಗೆ ಹಾಕುತ್ತಿದ್ದೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಡಬ್ಬಿ ಅರ್ಧ ತುಂಬಿತ್ತು, ನನ್ನ ತಲೆಯೂ ಸ್ವಲ್ಪ ತಿರುಗಿತ್ತು. ಚೀಟಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಅಂತ ಅಂದುಕೊಂಡಿದ್ದೆ.

ಶಿವರಾತ್ರಿಗೆ ಇನ್ನೂ ಎರಡು ವಾರ ಇರುವಾಗ ಸೆಲ್ವಿ ಬಂದಳು. ಬೆಳಿಗ್ಗೆ ಹತ್ತಕ್ಕೇ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ. ಅವಳ ತಾತ ಕಾರ್ಖಾನೆಯ ಕೆಲಸಕ್ಕೆ ಅಂತ ಸೇಲಂ ಕಡೆಯಿಂದ ಬಂದು ನೆಲೆ ನಿಂತವರು. ಗಂಡ ತೀರಿಕೊಂಡಿದ್ದಾನೆ. ಇವಳು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ಮಲರ್, ಸೆಕೆಂಡ್ ಪಿಯುಸಿ. ಹುಟ್ಟಿದಾಗಿನಿಂದ ಆ ಹುಡುಗಿಯ ಎರಡೂ ಕಾಲಿಗೆ ಬಲವಿಲ್ಲ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ.

ಸೆಲ್ವಿಯ ಮನೆ ಇರುವುದು ಹಿಂದುಗಡೆ. ರಸ್ತೆಯಿಂದ ಅಲ್ಲಿಗೆ ಹೋಗಲು ಮುಂದಿನ ಮನೆಯ ಪಕ್ಕದಲ್ಲಿ ಒಂದು ಓಣಿ. ಅವಳಜ್ಜನ ಕಾಲದಿಂದ ಎಲ್ಲರೂ ಓಡಾಡಿದ್ದು ಅದರಲ್ಲೇ. ಮುಂದಿನ ಮನೆಯನ್ನು ಹೊಸದಾಗಿ ಕೊಂಡವರು ಓಣಿ ತಮ್ಮ ಪತ್ರದಲ್ಲಿದೆ, ಗೋಡೆ ಕಟ್ಟುತ್ತೇವೆ ಅಂದಾಗ ಸೆಲ್ವಿ ದಾವೆ ಹಾಕಿದ್ದಳು. ಕೋರ್ಟು ಗೋಡೆ ಕಟ್ಟದಂತೆ ತಡೆಯಾಜ್ಞೆ ಕೊಟ್ಟಿತ್ತು. ಒಂದೂವರೆ ವರ್ಷ ಹಾಗೇ ನಡೆದಿತ್ತು.

"ಮೊನ್ನೆ ಆ ಮನೆಯವ್ರು ಬಂದು, ನಿಮ್ಮ ಕೇಸು ಬಿದ್ದೋಯ್ತು ಅಂದ್ರು ಅಕ್ಕ. ನಾನು ನಂಬ್ಲಿಲ್ಲ. ಮಾರನೇ ದಿನ ಸಿಮೆಂಟ್ ಇಟ್ಟಿಗೆ ತಂದು ಓಣಿ ಬಾಯಲ್ಲೇ ಇಳಿಸಿದ್ರು. ಕೋರ್ಟಿಗೆ ಹೋಗಿ ಕೇಳಿದ್ರೆ ಈ ಕಾಗದ ಕೊಟ್ರು" ಅಂತ ಮಡಿಚಿದ ಹಾಳೆ ಬಿಚ್ಚಿದಳು.

ದಾವೆಯನ್ನು ಕೂಗಿದಾಗ ಅವಳ ಕಡೆಯಿಂದ ಯಾರೂ ಹಾಜರಿರಲಿಲ್ಲ, ಆದ್ದರಿಂದ ವಜಾ ಅಂತ ಅದರಲ್ಲಿ ಬರೆದಿತ್ತು. ದಾವೆ ಹೋದರೆ ತಡೆಯಾಜ್ಞೆಯೂ ಹೋಯಿತು. ಮತ್ತೆ ಅದನ್ನು ನಡೆಸಲು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಹನ್ನೆರಡು ದಿನ ಆಗಲೇ ಕಳೆದಿತ್ತು. ಮೇಸ್ತ್ರಿ ಶಿವರಾತ್ರಿ ಮುಗಿದ ಮೇಲೆ ಬರುತ್ತಾನಂತೆ. ಅದಾದ ಸ್ವಲ್ಪ ದಿನಕ್ಕೇ ಮಲರ್‌ಗೆ ಪರೀಕ್ಷೆ.

"ಓಣಿ ಮುಚ್ಚಿದ್ರೆ ಬೇರೆ ದಾರಿ ಇಲ್ವಾ?"

"ಹಿಂದೆ ದೊಡ್ಡ ಚರಂಡಿ ಇದೆ. ಮೇಲೆ ಒಂದಡಿ ಅಗಲದ ಕಲ್ಲು ಹಾಕಿದಾರೆ. ನಾನು ದಾಟ್ತೀನಿ. ಗಾಡಿ ದಾಟಲ್ಲ. ಅವಳನ್ನ ಬೆನ್ನ ಮೇಲೆ ಹೊತ್ತು ದಾಟ್ಬೇಕು. ಚಿಕ್ಕವಳಿದ್ದಾಗ ಹೊರ್ತಿದ್ದೆ. ಈಗ ನನ್ನ ಸೊಂಟ ತಡೆಯಲ್ಲ ಅಕ್ಕ. ಅವಳೂ ಒಪ್ಪಲ್ಲ. ಹೊತ್ಕೊಂಡು ಹೋಗೋದಾದ್ರೆ ನಾನು ಪರೀಕ್ಷೆನೇ ಬರೆಯಲ್ಲ ಅಂತಾಳೆ."

"ನಿಮ್ಮ ವಕೀಲರು ಏನಂದ್ರು?"

"ಮೂರು ಸಲ ಫೋನ್ ಮಾಡ್ದೆ. ನಾನು ಏನೇ ಹೇಳಿದ್ರೂ 'ಆಗಲಿ ಆಗಲಿ, ನೋಡೋಣ' ಅಂದು ಇಟ್ಬಿಡ್ತಾರೆ. ಮನೆಗೆ ಹೋದ್ರೆ ಮಲ್ಗಿದಾರೆ ಅಂತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ಅವತ್ತು ಸಾಗರಕ್ಕೆ ಮಗಳ ಮನೆಗೆ ಹೋಗಿದ್ದರು, ಒಂದು ವಾರ ಬರುವವರಿರಲಿಲ್ಲ. ಸೆಲ್ವಿಯನ್ನು ಬಸ್ಸಿಗೆ ಕಳಿಸಿದವಳೇ ಟೈಪ್ ಮಾಡಲು ಕೂತೆ. ಸಿಟ್ಟು ಬಂದರೆ ನನ್ನ ಬೆರಳು ತಾನಾಗಿ ಓಡುತ್ತದೆ. 'ಕೆಲಸ: ವಕೀಲರು ಗೈರುಹಾಜರಾದ ಕಾರಣಕ್ಕೆ ವಜಾ ಆದ ದಾರಿಯ ದಾವೆಯನ್ನು ಮತ್ತೆ ನಡೆಸಲು ಅರ್ಜಿ ಹಾಕುವುದು. ಉಳಿದಿರುವುದು ಹದಿನೆಂಟು ದಿನ. ಗೋಡೆ ಎದ್ದರೆ ನಡೆಯಲಾಗದ ಒಬ್ಬ ವಿದ್ಯಾರ್ಥಿನಿ ಪರೀಕ್ಷೆಗೆ ಹೋಗುವಂತಿಲ್ಲ.' ಇಷ್ಟು ಸಾಕಿತ್ತು. ಯಾರಾದರೂ ಕೂಡಲೇ ಕೋರ್ಟಿನಲ್ಲಿ ಫೈಲು ನೋಡಲು ಅನುಕೂಲವಾಗಲಿ ಅಂತ ಕೇಸಿನ ನಂಬರನ್ನೂ ಕೆಳಗೆ ದಪ್ಪಕ್ಷರದಲ್ಲಿ ಹಾಕಿದೆ. ಮೇಷ್ಟ್ರ ಷರತ್ತು ನೆನಪಿರಲಿಲ್ಲ ಅಂತಲ್ಲ. ನೆನಪಿತ್ತು. ನಂಬರು ಹೆಸರಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನವೇ ಭದ್ರಾವತಿಗೆ ಹೋಗಿ, ಝೆರಾಕ್ಸ್ ಅಂಗಡಿಯ ಗೋಡೆಗೆ ಧಾರಾಳವಾಗಿ ಅಂಟು ಬಳಿದು ಒತ್ತಿ ಅಂಟಿಸಿದೆ. ಇಂಥ ಚೀಟಿಗೆ ಸಂಜೆಯೊಳಗೆ ಫೋನು ಬರುತ್ತದೆ ಅಂತ ನನಗೆ ಖಾತ್ರಿಯಿತ್ತು.

ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಹದಿನೆಂಟನ್ನು ಹೊಡೆದು ಹದಿನಾರು, ಹದಿನಾರನ್ನು ಹೊಡೆದು ಹದಿನಾಲ್ಕು ಅಂತ ಕೆಂಪು ಪೆನ್ನಿನಲ್ಲಿ ಬರೆದು ಬರುತ್ತಿದ್ದೆ. ಪಕ್ಕದಲ್ಲೇ ಅಂಟಿಸಿದ ಬೇರೆ ಚೀಟಿಗಳನ್ನು ನೋಡಿ ಜನ ಫೋನ್ ಮಾಡುತ್ತಿದ್ದರು. ಇದನ್ನು ಮಾತ್ರ ಓದಿದವರು ತಕ್ಷಣ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ನನ್ನ ಕಣ್ಣೆದುರೇ ಒಬ್ಬರು ಪೂರ್ತಿ ಓದಿ, ತಮ್ಮ ಪ್ರತಿಗಳನ್ನು ಎಣಿಸದೆ ತೆಗೆದುಕೊಂಡು ಹೊರಟೇಬಿಟ್ಟರು. ಇಷ್ಟು ಕಲ್ಲು ಮನಸ್ಸಿನವರಾ ಇವರೆಲ್ಲ ಅಂತ ಅಲ್ಲೇ ನಿಂತು ಬೈದುಕೊಂಡೆ.

ಹತ್ತು ದಿನ ಉಳಿದಿದೆ ಅನ್ನುವಾಗ ಅಶ್ವಿನಿ ಬೇರೆ ಯಾವುದೋ ಕೆಲಸಕ್ಕೆ ಕಚೇರಿಗೆ ಬಂದಳು. ಮೇಷ್ಟ್ರೂ ಸಾಗರದಿಂದ ಆಗಷ್ಟೇ ಬಂದು ಕೂತಿದ್ದರು. ನಾನು ಅವಳನ್ನು ಬಿಡಲಿಲ್ಲ. "ಅಲ್ಲ ಮಾರಾಯ್ತಿ, ನೀನೂ ಆ ಚೀಟಿ ನೋಡಿರ್ತೀಯ. ನೀನೂ ಸುಮ್ನಿದ್ದೀಯಲ್ಲ?"

ಅವಳು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ನಂಬರು ನೋಡಿದ ಕೂಡ್ಲೆ ನಮಗೆಲ್ಲ ಗೊತ್ತಾಯ್ತು ಅಕ್ಕ, ಅದು ಶೇಷಗಿರಿ ಸರ್ ಫೈಲು. ಒಬ್ಬರು ವಕಾಲತ್ತು ಹಾಕಿದ ಕೇಸಿಗೆ ಇನ್ನೊಬ್ಬರು ಹೋಗ್ಬೇಕಾದ್ರೆ ಮೊದಲಿನವರು ನನ್ನ ಅಭ್ಯಂತರ ಇಲ್ಲ ಅಂತ ಬರೆದು ಸಹಿ ಹಾಕಿ ಕೊಡ್ಬೇಕು. ಅದು ನಮ್ಮಲ್ಲಿ ಪದ್ಧತಿ. ಅವರ ಹತ್ರ ಹೋಗಿ ಸಹಿ ಕೇಳೋರು ಯಾರು? ಭದ್ರಾವತೀಲಿ ಅರ್ಧ ಜನಕ್ಕೆ ಕೇಸು ಬರೆಯೋಕೆ ಕಲಿಸಿದವರು ಅವರು. ನನ್ನ ಸೀನಿಯರ್‌ಗೂ ಅವರೇ ಸೀನಿಯರ್."

"ಅದಕ್ಕೆ ಆ ಹುಡುಗಿ ಮನೇಲೇ ಕೂರ್ಬೇಕಾ?"

"ನಂಬರು ಇಲ್ದಿದ್ರೆ ಯಾರಾದ್ರೂ ಫೋನ್ ಮಾಡ್ತಿದ್ರು ಅಕ್ಕ. ಬಂದು, ಕೂತು, ವಿಷಯ ತಿಳ್ಕೊಂಡು, ಮೆಲ್ಲಗೆ ಸರ್ ಮನೆಗೆ ಹೋಗಿ ಮಾತಾಡ್ತಿದ್ರು. ಗೈರುಹಾಜರು ಅಂತ ಗೋಡೆಗೆ ಅಂಟಿಸಿದ ಮೇಲೆ, ಯಾರು ಮುಟ್ಟಿದ್ರೂ ಸರ್ ಮರ್ಯಾದೆ ತೆಗೆದ ಹಾಗೆ ಆಗುತ್ತೆ."

ಮೇಷ್ಟ್ರು ಚೀಟಿಯ ಪ್ರತಿ ಕೇಳಿ ತೆಗೆದುಕೊಂಡು ಓದಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಸುಮಿತ್ರಾ, ನೀವು ಇದರಲ್ಲಿ ಆ ಹೆಂಗಸಿನ ಕೆಲಸ ಬರೆದಿಲ್ಲ. ನಿಮ್ಮ ಸಿಟ್ಟು ಬರೆದಿದ್ದೀರಿ" ಅಂದರು, ಅಷ್ಟೇ. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ಎಂಟು ದಿನ, ಆ ಹುಡುಗಿಯ ಎಂಟು ದಿನವನ್ನು ನಾನು ಗೋಡೆಗೆ ಅಂಟಿಸಿ ಕಳೆದಿದ್ದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಆ ಚೀಟಿ ಕಿತ್ತು, ಶೇಷಗಿರಿ ವಕೀಲರ ಮನೆಗೇ ಹೋಗಿ ಕಾಲು ಹಿಡಿದಾದರೂ ಸಹಿ ಹಾಕಿಸಿಕೊಳ್ಳುವುದು ಅಂತ ತೀರ್ಮಾನಿಸಿದೆ. ಮಾರನೇ ದಿನ ಕಾಗದಪತ್ರ ಎತ್ತಿಕೊಳ್ಳಲು ಕಚೇರಿಗೆ ಬಂದರೆ, ಮೆಟ್ಟಿಲ ಮೇಲೆ ನಿಧಾನವಾಗಿ ಹತ್ತುವ ಸದ್ದು. ಬಿಳಿಯ ಪ್ಯಾಂಟು, ಕಪ್ಪು ಕೋಟು, ಎಪ್ಪತ್ತರ ಆಸುಪಾಸಿನ ಒಬ್ಬರು ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲಿ ನನ್ನ ಹಳದಿ ಚೀಟಿ. ಅದರ ಹಿಂದೆ ಗೋಡೆಯ ಸುಣ್ಣವೂ ಕಿತ್ತುಕೊಂಡು ಬಂದಿತ್ತು. ಯಾರು ಅಂತ ಯಾರೂ ಹೇಳಬೇಕಾಗಲಿಲ್ಲ.

"ಇದನ್ನ ಬರೆದವರು ಯಾರು?"

"ನಾನು" ಅಂತ ಎದ್ದು ನಿಂತೆ.

"ಗೈರುಹಾಜರು ಅಂತ ಬರ್ದಿದೀರಿ. ನಲವತ್ತು ವರ್ಷದಲ್ಲಿ ನಾನು ಒಂದು ಕೇಸಿಗೂ ಗೈರಾದವನಲ್ಲ. ಅವತ್ತೂ ಇದ್ದೆ. ಮುಂದಿನ ಬೆಂಚಲ್ಲೇ ಕೂತಿದ್ದೆ."

ರಾತ್ರಿಯೆಲ್ಲ ಪಶ್ಚಾತ್ತಾಪ ಪಟ್ಟವಳಿಗೆ ಆ ಮಾತು ಕೇಳಿ ಮತ್ತೆ ಪಿತ್ತ ನೆತ್ತಿಗೇರಿತು. ಅವರಿಗೆ ನೀರು ಕೊಡೋಣ ಅಂತ ಹೂಜಿಯ ಕಡೆ ತಿರುಗಿದವಳು, ಬೆನ್ನು ಹಾಕಿಕೊಂಡೇ, "ಕೂತಿದ್ರೆ ಕೂಗಿದಾಗ ಏಳ್ಬೇಕಿತ್ತಲ್ಲ ಸರ್?" ಅಂದೆ.

ಲೋಟ ಹಿಡಿದು ತಿರುಗಿದರೆ ಅವರು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು, ನಾನಿನ್ನೂ ಉತ್ತರ ಕೊಡಬೇಕು ಅನ್ನುವ ಹಾಗೆ. ಅಷ್ಟರಲ್ಲಿ ಮೇಷ್ಟ್ರು ಮೂಲೆಯ ಮೇಜಿನಿಂದ, "ಸರ್, ಕಾಫಿನೋ ಟೀನೋ, ಏನು ತರಿಸ್ಲಿ?" ಅಂತ ಕೇಳಿದರು.

"ಆಗಲಿ ಆಗಲಿ, ನೋಡೋಣ" ಅಂದರು ಶೇಷಗಿರಿ ವಕೀಲರು.

ಸೆಲ್ವಿ ಫೋನಿನಲ್ಲಿ ಮೂರು ಸಲ ಕೇಳಿದ್ದ ಮಾತು ಅದು. ಲೋಟವನ್ನು ಮೇಜಿನ ಮೇಲಿಟ್ಟೆ. ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ. ಎದುರಿಗೆ ಕೂತು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಅವರ ಮುಂದಿಟ್ಟೆ: 'ಸರ್, ಕೂಗಿದ್ದು ನಿಮಗೆ ಕೇಳಿಸಲಿಲ್ಲ, ಅಲ್ವಾ?'

ಅವರು ಓದಿದರು. ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಮಾತಾಡಿದಾಗ ದನಿ ಇಳಿದಿತ್ತು.

"ಎರಡು ವರ್ಷ ಆಯ್ತು. ಕಿವಿಗೆ ಮಿಷನ್ನು ಹಾಕ್ಕೊಂಡು ನೋಡ್ದೆ, ಕೋರ್ಟ್ ಹಾಲಲ್ಲಿ ಫ್ಯಾನು, ಜನ, ಎಲ್ಲ ಸೇರಿ ಬರೀ ಗುಂಯ್ ಅನ್ನುತ್ತೆ. ತೆಗೆದು ಡ್ರಾಯರಲ್ಲಿಟ್ಟೆ. ಕೂಗೋ ಅಟೆಂಡರ್ ತುಟಿ ನೋಡಿ ತಿಳ್ಕೊಳ್ತಿದ್ದೆ. ಅವತ್ತು ಬಂದವನು ಹೊಸಬ. ಬಾಗಿಲ ಕಡೆ ತಿರುಗಿ ಕೂಗಿದ. ನನಗೆ ಅವನ ಬೆನ್ನಷ್ಟೇ ಕಂಡಿದ್ದು. ಆ ಯಮ್ಮನಿಗೆ ನೀನು ಅಡುಗೆ ಬಿಟ್ಟು ಬರೋದು ಬೇಡ, ನಾನಿದ್ದೀನಿ ಅಂತ ಬೇರೆ ಹೇಳಿದ್ದೆ."

ಅವತ್ತು ಸಂಜೆ ವಿಚಾರಿಸಿದಾಗಲೇ ಕೇಸು ವಜಾ ಆದದ್ದು ಅವರಿಗೆ ಗೊತ್ತಾಗಿತ್ತು. "ಅರ್ಜಿ ಬರೆಯೋಕೆ ಹತ್ತು ನಿಮಿಷ ಸಾಕು. ಆದ್ರೆ ಯಾಕೆ ಹಾಜರಾಗ್ಲಿಲ್ಲ ಅನ್ನೋದಕ್ಕೆ ಕಾರಣ ಬರೆದು, ನಿಜ ಅಂತ ಪ್ರಮಾಣ ಮಾಡಿ ಸಹಿ ಹಾಕ್ಬೇಕು. ಜ್ವರ ಇತ್ತು ಅಂತ ಸುಳ್ಳು ಬರೆಯೋಕೆ ಕೈ ಬರಲ್ಲ. ನಿಜ ಬರೆದ್ರೆ ನಾಳೆಯಿಂದ ಕಿವುಡ ವಕೀಲನ ಹತ್ರ ಯಾರು ಬರ್ತಾರೆ ಹೇಳಿ. ದಿನಾ ಬರೆಯೋಕೆ ಕೂರ್ತಿದ್ದೆ, ದಿನಾ ಎದ್ದೇಳ್ತಿದ್ದೆ."

ನಾನು ಆ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. 'ತಪ್ಪಾಯ್ತು ಸರ್' ಅಂತ ಅದೇ ಹಾಳೆಯ ಕೆಳಗೆ ಬರೆದೆ. ಅವರು ಓದಿ, "ನೀವು ಬರೆದಿದ್ದು ತಪ್ಪು. ನಾನು ಬರೆಯದೆ ಇದ್ದಿದ್ದು ಇನ್ನೂ ದೊಡ್ಡ ತಪ್ಪು" ಅಂದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು: "ಆ ಓಣಿ ನಾನು ನಕ್ಷೇಲಿ ನೋಡಿದೀನಿ ಅಷ್ಟೆ. ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?"

ಮಧ್ಯಾಹ್ನ ಅಶ್ವಿನಿಯನ್ನೂ ಬರಹೇಳಿ ಮೂವರೂ ಹೋದೆವು. ಓಣಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಬಾಯಲ್ಲೇ ಸಿಮೆಂಟ್ ಇಟ್ಟಿಗೆಯ ರಾಶಿ. ಒಂದು ಗಾಡಿ ತೂರುವಷ್ಟು ಮಾತ್ರ ಸಂದು ಉಳಿದಿತ್ತು. ಮಲರ್ ಆಗ ತಾನೇ ಕಾಲೇಜಿನಿಂದ ಬಂದವಳು, ಎರಡೂ ಕಡೆ ಇಟ್ಟಿಗೆಗೆ ಚಕ್ರ ಉಜ್ಜದ ಹಾಗೆ ನಿಧಾನಕ್ಕೆ ಗಾಡಿ ನುಗ್ಗಿಸುತ್ತಿದ್ದಳು. ಎರಡು ಜಡೆ, ಮಂಡಿಯ ಮೇಲೆ ಬ್ಯಾಗು. ವಕೀಲರನ್ನು ಕಂಡು ಗುರುತಿಸಿ, ಹಿಂದಿನಿಂದಲೇ "ಸರ್, ಗೋಡೆ ಬರುತ್ತಾ?" ಅಂತ ಕೇಳಿದಳು. ಅವರು ಇಟ್ಟಿಗೆ ನೋಡುತ್ತಲೇ ನಿಂತಿದ್ದರು. ಅವಳು ಒಂದು ಗಳಿಗೆ ಅವರನ್ನು ಗಮನಿಸಿದಳು. ಗಾಡಿಯನ್ನು ಅವರ ಎದುರಿಗೆ ತಿರುಗಿಸಿಕೊಂಡು ಬಂದು, ಮುಖ ಮೇಲೆತ್ತಿ, ಬಿಡಿಸಿ ಬಿಡಿಸಿ ಮತ್ತೆ ಕೇಳಿದಳು. "ಗೋಡೆ ಬರುತ್ತಾ ಸರ್?"

"ಇಲ್ಲ ಮಗಳೇ" ಅಂದರು ಅವರು.

ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತರು. ಅಶ್ವಿನಿಯ ಫೈಲನ್ನು ಮಂಡಿಯ ಮೇಲಿಟ್ಟುಕೊಂಡು ಕೈಯಲ್ಲೇ ಬರೆದರು. ಕಚೇರಿಗೆ ತಂದು ನಾನೇ ಟೈಪ್ ಮಾಡಿದ್ದರಿಂದ ಆ ಸಾಲುಗಳು ಇವತ್ತಿಗೂ ನನಗೆ ಬಾಯಿಪಾಠ. 'ದಾವೆಯನ್ನು ಕ್ರಮವಾಗಿ ಕೂಗಲಾಯಿತು. ನಾನು ಕೋರ್ಟಿನ ಹಾಲಿನಲ್ಲೇ ಕುಳಿತಿದ್ದೆ. ನನ್ನ ಕಿವಿಗಳು ಮಂದವಾಗಿರುವುದರಿಂದ ನನಗೆ ಕೇಳಿಸಲಿಲ್ಲ. ಇದನ್ನು ನಾನು ಈವರೆಗೆ ಯಾರಿಗೂ ತಿಳಿಸಿರಲಿಲ್ಲ. ಇದರಲ್ಲಿ ನನ್ನ ಕಕ್ಷಿದಾರಳ ತಪ್ಪು ಏನೇನೂ ಇಲ್ಲ.' ಅದರ ಜೊತೆ ಅಶ್ವಿನಿಯೂ ತಮ್ಮೊಂದಿಗೆ ಈ ಕೇಸು ನಡೆಸಬಹುದು ಅಂತ ಬರೆದು ಸಹಿ ಹಾಕಿದರು. ಅಶ್ವಿನಿ ಕಣ್ಣೊರೆಸಿಕೊಂಡಳು. ನಾನೇನು ಕಮ್ಮಿ, ನಾನೂ ಒರೆಸಿಕೊಂಡೆ.

ಅರ್ಜಿ ಎರಡನೇ ದಿನವೇ ಕೋರ್ಟಿಗೆ ಹೋಯಿತು. ಎದುರು ಕಡೆಯವರಿಗೆ ತಿಳಿಸಿ, ವಿಚಾರಣೆಗೆ ಬರುವ ಹೊತ್ತಿಗೆ ಶಿವರಾತ್ರಿ ಕಳೆದಿತ್ತು. ಮುಂದಿನ ಮನೆಯವರು ಕೆಟ್ಟವರೇನಲ್ಲ, ಅರ್ಜಿ ತೀರ್ಮಾನವಾಗುವ ತನಕ ಮೇಸ್ತ್ರಿಯನ್ನು ಕರೆಸಲಿಲ್ಲ. ಅವತ್ತು ನಾನೂ ಸೆಲ್ವಿಯೂ ಹಾಲಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆವು. ಸೆಲ್ವಿ ನನ್ನ ಕೈ ಹಿಡಿದುಕೊಂಡಿದ್ದಳು, ಸೌಟು ತಿರುವಿ ತಿರುವಿ ಗಟ್ಟಿಯಾದ ಕೈ. ಕೂಗಿದಾಗ ಅಶ್ವಿನಿ ಶೇಷಗಿರಿ ವಕೀಲರ ಮೊಣಕೈ ಮುಟ್ಟಿದಳು. ಅವರು ಎದ್ದರು. ನ್ಯಾಯಾಧೀಶರು ಪ್ರಮಾಣಪತ್ರವನ್ನು ಓದಿದರು. ಆಮೇಲೆ ಅವರು ಎದುರು ಕಡೆಯ ವಕೀಲರನ್ನು ನೋಡಿದರು. ಆ ವಕೀಲರೂ ಒಂದು ಕಾಲದಲ್ಲಿ ಶೇಷಗಿರಿಯವರ ಫೈಲು ಹೊತ್ತವರೇ. "ನಮ್ಮ ಆಕ್ಷೇಪಣೆ ಇಲ್ಲ" ಅಂದವರು ಕೂರಲಿಲ್ಲ, ಶೇಷಗಿರಿಯವರು ಕೂರುವ ತನಕ ನಿಂತೇ ಇದ್ದರು.

ದಾವೆ ಮತ್ತೆ ಜೀವ ಪಡೆಯಿತು, ತಡೆಯಾಜ್ಞೆಯೂ. ಇಟ್ಟಿಗೆಗಳನ್ನು ಆ ಮನೆಯವರು ಮಹಡಿಯ ಮೇಲಿನ ಕೋಣೆಗೆ ಬಳಸಿಕೊಂಡರು. ಮಲರ್ ಓಣಿಯಿಂದ ಗಾಡಿ ತಿರುಗಿಸಿಕೊಂಡು ಹೋಗಿ ಎಲ್ಲ ಪರೀಕ್ಷೆಯನ್ನೂ ಬರೆದಳು. ಮಳೆಗಾಲದಲ್ಲಿ ಎರಡೂ ಕಡೆಯವರು ರಾಜಿಗೆ ಬಂದು ಓಣಿ ಓಣಿಯಾಗೇ ಉಳಿಯಲಿ ಅಂತ ಬರೆದು ಸಹಿ ಹಾಕಿದರು. ಅದು ಆಮೇಲಿನ ಮಾತು.

ಪರೀಕ್ಷೆ ಮುಗಿದ ಒಂದು ಶನಿವಾರ ಶೇಷಗಿರಿ ವಕೀಲರು ಮತ್ತೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಅವರು ಹೆದರಿದ ಹಾಗೆ ಕಕ್ಷಿದಾರರು ಬಿಟ್ಟುಹೋಗಿರಲಿಲ್ಲ. ಒಂದಿಬ್ಬರು ಹೋಗಿದ್ದರು, ಉಳಿದವರು ಎದುರಿಗೆ ಕೂತು ನಿಧಾನ ಮಾತಾಡುವುದನ್ನು ಕಲಿತಿದ್ದರು. "ನಿಮ್ಮ ಚೀಟಿ ಕೆಲಸ ಒಂದಿಷ್ಟು ನನಗೂ ಕೊಡಿ. ಕಾಗದ ಓದೋಕೆ ಕಿವಿ ಬೇಡ" ಅಂದರು. ಅಂದಿನಿಂದ ಶನಿವಾರ ನಮ್ಮ ಎರಡನೇ ಮೇಜು ಅವರದಾಯಿತು. ಹೊರಡುವ ಮುಂಚೆ ಸ್ವಲ್ಪ ತಡೆದು, "ಇನ್ನೊಂದು. ನನಗೂ ಒಂದು ಚೀಟಿ ಬರೆದು ಕೊಡ್ತೀರಾ? ಅಶ್ವಿನಿಗೆ ಅವಳದೇ ಕೇಸು ಇರ್ತವೆ, ದಿನಾ ನನ್ನ ಪಕ್ಕ ಕೂರೋಕಾಗಲ್ಲ" ಅಂದರು.

ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. 'ಕೆಲಸ: ಭದ್ರಾವತಿ ಕೋರ್ಟಿನಲ್ಲಿ ಒಬ್ಬ ಹಳೆಯ ವಕೀಲರ ಪಕ್ಕದಲ್ಲಿ ಕೂತು, ಕೇಸು ಕೂಗಿದಾಗ ಮೊಣಕೈ ಮುಟ್ಟಿ ಹೇಳುವುದು. ಸಮಯ: ಗುರುವಾರ, ಹನ್ನೊಂದರಿಂದ ಒಂದು. ಕಾನೂನು ಗೊತ್ತಿರಬೇಕಿಲ್ಲ. ಕಿವಿ ಚೆನ್ನಾಗಿರಬೇಕು. ಟೀ ಇದೆ.' ಹೆಸರಿಲ್ಲ, ನಂಬರಿಲ್ಲ. ಸಿಟ್ಟೂ ಇಲ್ಲ. ಸುಣ್ಣ ಎದ್ದ ಆ ಜಾಗದ ಪಕ್ಕದಲ್ಲೇ ಅಂಟಿಸಿ ಬಂದೆ.

ಎರಡು ದಿನ ಬಿಟ್ಟು ನನ್ನ ಫೋನಿಗೆ ಒಂದು ಸಂದೇಶ ಬಂತು. 'ಆಂಟಿ, ನಾನು ಮಲರ್. ಝೆರಾಕ್ಸ್ ಅಂಗಡೀಲಿ ಚೀಟಿ ನೋಡಿದೆ. ಗುರುವಾರ ನಾನು ಬರ್ತೀನಿ. ನಮ್ಮನೆಯಿಂದ ಕೋರ್ಟಿಗೆ ಗಾಡೀಲಿ ಇಪ್ಪತ್ತು ನಿಮಿಷ. ಗಾಡಿ ಹಾಲ್ ಒಳಗೆ ಬಿಡ್ತಾರಾ ಕೇಳಿ ಹೇಳಿ.' ಕೇಳಿದೆ. ಬಿಡುತ್ತಾರೆ ಅಂದರು. ಆ ಚೀಟಿಗೆ ಕೆಂಪು ಗೆರೆ ಎಳೆಯುವಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳುವುದು, ನನ್ನ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಗುರುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮುಂದಿನ ಬೆಂಚಿನ ತುದಿಗೆ ಶೇಷಗಿರಿ ವಕೀಲರು, ಅವರಿಗೆ ಒತ್ತಿ ಮಲರ್‌ಳ ಗಾಡಿ. ಹುಡುಗಿ ಹೊಸ ಚೂಡಿದಾರ ಹಾಕಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ಅದೇ ಹೊಸ ಅಟೆಂಡರ್ ಪಟ್ಟಿ ನೋಡಿ, ಬಾಗಿಲ ಕಡೆ ತಿರುಗಿ, ನಮಗೆಲ್ಲ ಬೆನ್ನು ಹಾಕಿ ಕೂಗಿದ. ಕೂಗಿದ್ದು ಸೆಲ್ವಿಯ ಹೆಸರು. ಅಮ್ಮನ ಹೆಸರು ಹಾಲಿನಲ್ಲೆಲ್ಲ ಕೇಳಿಸುತ್ತಿದ್ದ ಹಾಗೆ ಮಲರ್ ಕೈ ಚಾಚಿ ವಕೀಲರ ಮೊಣಕೈ ಮುಟ್ಟಿದಳು. ಶೇಷಗಿರಿ ವಕೀಲರು ಎದ್ದು ನಿಂತು, "ಹಾಜರಿದ್ದೇನೆ ಸ್ವಾಮಿ" ಅಂದರು.